ಜೋಡಿಸಿದ ಆಕೃತಿಗಳ ಸುತ್ತಳತೆ: ಅಂಟಿದ ಅಂಚಿನ ಲೆಕ್ಕ

ವಿಸ್ತೀರ್ಣವಾದರೆ ಆಕೃತಿಯನ್ನು ತುಂಡು ಮಾಡಿ, ಒಂದೊಂದರದ್ದೂ ಕಂಡುಹಿಡಿದು ಕೂಡಿದರೆ ಉತ್ತರ ಸಿಗುತ್ತದೆ. ಸುತ್ತಳತೆಯಲ್ಲಿ ಈ ದಾರಿ ಕೈಕೊಡುತ್ತದೆ. ಎರಡು ಆಕೃತಿಗಳು ಅಂಟಿಕೊಂಡ ಅಂಚು ಒಳಗೆ ಸೇರಿಹೋಗುತ್ತದೆ. ಸುತ್ತಳತೆಗೆ ಬೇಕಾದದ್ದು ಹೊರಗಿನ ಗಡಿ ಮಾತ್ರ.

20 ಸೆಂ.ಮೀ. ಉದ್ದ, 14 ಸೆಂ.ಮೀ. ಅಗಲದ ಒಂದು ಆಯತ ತೆಗೆದುಕೊಳ್ಳೋಣ. ಅದರ ಒಂದು ಅಗಲವೇ ವ್ಯಾಸವಾಗುವಂತೆ ಹೊರಮುಖವಾಗಿ ಅರ್ಧವೃತ್ತ ಜೋಡಿಸಿದೆ. ಆಯತದ ಸುತ್ತಳತೆ 68. ತ್ರಿಜ್ಯ 7 ಆದ್ದರಿಂದ ಅರ್ಧವೃತ್ತದ ಕಂಸ 22/7 × 7 = 22; ವ್ಯಾಸವೂ ಸೇರಿದರೆ ಅದರ ಸುತ್ತಳತೆ 36. ಎರಡನ್ನೂ ಕೂಡಿದರೆ 104 ಬರುತ್ತದೆ, ಆದರೆ ಅದು ಉತ್ತರವಲ್ಲ. ಅಂಟಿದ 14 ಸೆಂ.ಮೀ. ಆಯತದಲ್ಲೊಮ್ಮೆ, ಅರ್ಧವೃತ್ತದಲ್ಲೊಮ್ಮೆ ಎಣಿಕೆಯಾಗಿದೆ. ಹಾಗಾಗಿ ಕಳೆಯಬೇಕಾದದ್ದು 14 ಅಲ್ಲ, 28. ಉತ್ತರ 76 ಸೆಂ.ಮೀ. ನನಗೆ ಇದಕ್ಕಿಂತ ಹಿಡಿಸುವುದು ನೇರ ದಾರಿ: ಚಿತ್ರದ ಒಂದು ಮೂಲೆಯಿಂದ ಹೊರಟು, ಅಂಚಿನ ಮೇಲೆಯೇ ಪೆನ್ಸಿಲ್ ಎಳೆಯುತ್ತಾ, ಹೊರಟ ಮೂಲೆಗೆ ಮರಳುವುದು. 20 + 14 + 20 + 22 = 76. ಕಳೆಯುವ ಮಾತೇ ಇಲ್ಲ.

ಈಗ ಅದೇ ಅರ್ಧವೃತ್ತವನ್ನು ಆಯತದ ಒಳಕ್ಕೆ ಕೊರೆದು ತೆಗೆಯಿರಿ. ಪೆನ್ಸಿಲ್ ಸಾಗುವುದು ಅದೇ ಮೂರು ಬಾಹು, ಅದೇ ಕಂಸದ ಮೇಲೆ. ಸುತ್ತಳತೆ ಈಗಲೂ 76! ವಿಸ್ತೀರ್ಣವೋ, 357 ಚದರ ಸೆಂ.ಮೀ. ಇದ್ದದ್ದು 203ಕ್ಕೆ ಇಳಿದಿದೆ. ಈ ಎರಡು ಅಳತೆಗಳು ಒಂದನ್ನೊಂದು ಅನುಸರಿಸುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

12 × 9 ಆಯತದ ಮೂಲೆಯಿಂದ ಚಿಕ್ಕ ಆಯತವೊಂದನ್ನು ಕತ್ತರಿಸಿದರೂ ಸುತ್ತಳತೆ 42 ಆಗಿಯೇ ಉಳಿಯುತ್ತದೆ, ಏಕೆಂದರೆ ಹೋದ ಎರಡು ಅಂಚುಗಳಷ್ಟೇ ಉದ್ದದ ಎರಡು ಹೊಸ ಅಂಚುಗಳು ಹುಟ್ಟುತ್ತವೆ. ಕತ್ತರಿಸಿದ್ದು ಬಾಹುವಿನ ನಡುವೆ, 4 ಸೆಂ.ಮೀ. ಆಳಕ್ಕೆ ಎಂದಾದರೆ ಮಾತ್ರ ಆಳದ ಎರಡು ಗೋಡೆಗಳು ಹೆಚ್ಚುವರಿ: 42 + 8 = 50.

6 ಮತ್ತು 4 ಸೆಂ.ಮೀ. ಬಾಹುವಿನ ಚೌಕಗಳನ್ನು ಬಾಹುವಿಗೆ ಬಾಹು ಪೂರ್ತಿಯಾಗಿ ತಾಗುವಂತೆ ಜೋಡಿಸಿದಾಗ ಮರೆಯಾಗುವುದು ಚಿಕ್ಕ ಬಾಹುವಿನಷ್ಟೇ: 24 + 16 − 8 = 32. ದೊಡ್ಡ ಬಾಹುವಿನ ಉಳಿದ 2 ಸೆಂ.ಮೀ. ಗಡಿಯಲ್ಲೇ ಇರುತ್ತದೆ.

ಹಿಮ್ಮುಖ ಪ್ರಶ್ನೆಗಳಿಗೂ ಇದೇ ಕ್ರಮ. ಆಯತದ ಎರಡೂ ತುದಿಗೆ 14 ಸೆಂ.ಮೀ. ವ್ಯಾಸದ ಅರ್ಧವೃತ್ತಗಳಿವೆ, ಒಟ್ಟು ಸುತ್ತಳತೆ 104. ಎರಡು ಕಂಸಗಳು ಸೇರಿ 44. ಉಳಿದ 60 ಎರಡು ನೇರ ಬಾಹುಗಳದ್ದು. ಆದ್ದರಿಂದ ಆಯತದ ಉದ್ದ 30 ಸೆಂ.ಮೀ.