ಸ್ಕ್ಯಾನಿಂಗ್‌ನಲ್ಲಿ ಕಾಣದ ಹೊಟ್ಟೆನೋವು

ತೀವ್ರ ಹೊಟ್ಟೆನೋವು ಮತ್ತು ವಾಂತಿ ಎಂದೊಡನೆ ವೈದ್ಯರು ಅಪೆಂಡಿಸೈಟಿಸ್, ಪಿತ್ತಕೋಶದ ಕಲ್ಲು, ಕರುಳಿನ ಅಡಚಣೆಗಳನ್ನು ಮೊದಲು ಹುಡುಕುತ್ತಾರೆ. ಅದು ಸರಿಯಾದ ಕ್ರಮವೇ. ಆದರೆ ನೋವಿನಿಂದ ಹೊರಳಾಡುತ್ತಿರುವ ರೋಗಿಯ ಹೊಟ್ಟೆ ಒತ್ತಿ ನೋಡಿದಾಗ ಮೆತ್ತಗಿದ್ದು, ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದೆ, ಮಲಬದ್ಧತೆ ಮತ್ತು ವೇಗದ ನಾಡಿಬಡಿತವೂ ಜೊತೆಗಿದ್ದರೆ, ಅಕ್ಯೂಟ್ ಇಂಟರ್‌ಮಿಟೆಂಟ್ ಪೋರ್ಫೈರಿಯಾ ಎಂಬ ಅಪರೂಪದ ಆನುವಂಶಿಕ ಕಾಯಿಲೆಯನ್ನೂ ನೆನೆಯಬೇಕು. ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಹರೆಯ ದಾಟಿದ ಮಹಿಳೆಯರಲ್ಲಿ, ಹಲವೊಮ್ಮೆ ಮುಟ್ಟಿನ ಹಿಂದಿನ ದಿನಗಳಲ್ಲಿ.

ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಅಣು 8 ಕಿಣ್ವಗಳ ಸರಣಿಯಲ್ಲಿ ತಯಾರಾಗುತ್ತದೆ. ಈ ರೋಗಿಗಳಲ್ಲಿ ಮೂರನೆಯ ಕಿಣ್ವದ ಸಾಮರ್ಥ್ಯ ಸುಮಾರು ಅರ್ಧದಷ್ಟಿರುತ್ತದೆ. ದಿನನಿತ್ಯಕ್ಕೆ ಅಷ್ಟು ಸಾಕು. ಉಪವಾಸ, ಮದ್ಯ ಅಥವಾ ಕೆಲವು ಔಷಧಗಳಿಂದ ಯಕೃತ್ತಿನಲ್ಲಿ ಹೀಮ್ ತಯಾರಿಕೆ ಚುರುಕಾದಾಗ ಮಾತ್ರ ಆ ಕಿಣ್ವ ಮುಂದಿನ ಹಂತಕ್ಕೆ ಬದಲಿಸಬೇಕಾದ ಪೋರ್ಫೋಬಿಲಿನೋಜೆನ್ ಎಂಬ ವಸ್ತು ಮತ್ತು ಸರಣಿಯಲ್ಲಿ ಅದರ ಹಿಂದಿನ ವಸ್ತುವಾದ ಎಎಲ್‌ಎ ಶೇಖರವಾಗಿ ನರಗಳು ಹಾನಿಗೊಳ್ಳುತ್ತವೆ. ನೋವು ನರದ್ದಾದ್ದರಿಂದಲೇ ಹೊಟ್ಟೆಯಲ್ಲಿ ಉರಿಯೂತದ ಗುರುತು ಸಿಗುವುದಿಲ್ಲ. ವಾಂತಿಯಿಂದ ಊಟ ಬಿಟ್ಟರೆ ಕಾಯಿಲೆ ಇನ್ನಷ್ಟು ಕೆರಳುತ್ತದೆ. ದಾಳಿಯ ವೇಳೆ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬಂದಾಗ ಕೊಡುವ ಫಿನಿಟಾಯಿನ್ ಕೂಡ ಇಲ್ಲಿ ಅಪಾಯಕಾರಿ. ಔಷಧದ ಈ ನಂಟು ಹಳೆಯದು: 1889ರಲ್ಲಿ ಡಚ್ ವೈದ್ಯ ಸ್ಟೋಕ್ವಿಸ್, ಸಲ್ಫೋನಾಲ್ ಎಂಬ ನಿದ್ದೆಯ ಔಷಧ ಸೇವಿಸಿದ ವೃದ್ಧೆಯೊಬ್ಬರ ಮೂತ್ರ ಗಾಢ ಕೆಂಪಾದದ್ದನ್ನು ದಾಖಲಿಸಿದ್ದರು.

ಪತ್ತೆಯ ದಾರಿ ಇರುವುದೂ ಮೂತ್ರದಲ್ಲೇ. ನೋವಿರುವಾಗಲೇ ಮಾದರಿ ಪಡೆದು, ಬೆಳಕು ತಾಗದಂತೆ ಮುಚ್ಚಿ, ಪೋರ್ಫೋಬಿಲಿನೋಜೆನ್ ಮಟ್ಟ ಅಳೆಯಬೇಕು. ಬಿಸಿಲಲ್ಲಿ ಇಟ್ಟ ಮಾದರಿ ಕೆಂಪು-ಕಂದು ಬಣ್ಣಕ್ಕೆ ತಿರುಗಬಹುದಾದರೂ ಅದೊಂದನ್ನೇ ನಂಬಲಾಗದು. ಪರೀಕ್ಷೆಯ ಚೀಟಿಯಲ್ಲಿ ಬರೀ ‘ಪೋರ್ಫೈರಿನ್’ (ಹೀಮ್ ಸರಣಿಯ ಮುಂದಿನ ಹಂತಗಳ ವಸ್ತು) ಎಂದು ಬರೆದರೆ ದಾರಿ ತಪ್ಪುತ್ತದೆ, ಏಕೆಂದರೆ ಅದು ಯಕೃತ್ತಿನ ಬೇರೆ ತೊಂದರೆಗಳಲ್ಲೂ ಏರುತ್ತದೆ. ಸೀಸದ ವಿಷವೂ ಇಂಥದೇ ನೋವು ತರುತ್ತದೆ. ಆದರೆ ಅಲ್ಲಿ ಏರುವುದು ಮುಖ್ಯವಾಗಿ ಎಎಲ್‌ಎ. ಹಾಗಾಗಿ ಬ್ಯಾಟರಿ ಕೆಲಸ, ಭಸ್ಮೌಷಧ ಸೇವನೆಗಳ ಬಗ್ಗೆ ವಿಚಾರಿಸಿ, ರಕ್ತದ ಸೀಸವನ್ನು ಅಳೆಸಬೇಕಾಗುತ್ತದೆ.

ಖಚಿತವಾದರೆ ಕೆರಳಿಸುವ ಔಷಧ ನಿಲ್ಲಿಸಿ, ಗ್ಲೂಕೋಸ್ ಕೊಟ್ಟು, ತೀವ್ರ ದಾಳಿಗೆ ರಕ್ತನಾಳದ ಮೂಲಕ ಹೀಮ್‌ನ ಔಷಧರೂಪವಾದ ಹೀಮಿನ್ ನೀಡುತ್ತಾರೆ. ಮರುಕಳಿಸುವ ದಾಳಿಗಳನ್ನು ತಡೆಯುವ ಗಿವೋಸಿರಾನ್ ಚುಚ್ಚುಮದ್ದಿಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ರಕ್ತಸಂಬಂಧಿಗಳಿಗೂ ಜೀನ್ ಪರೀಕ್ಷೆ ಮಾಡಿಸುವುದು ವಾಡಿಕೆ. ದೋಷವಿರುವ ಬಹುಪಾಲು ಜನರಿಗೆ ಜೀವಮಾನದಲ್ಲಿ ಒಂದು ದಾಳಿಯೂ ಬರುವುದಿಲ್ಲವಾದರೂ, ಯಾವ ಔಷಧಗಳನ್ನು ದೂರವಿಡಬೇಕೆಂಬ ಪಟ್ಟಿ ಅವರ ಕೈಯಲ್ಲಿರಬೇಕು.