ನೀರು ಬದಲಾಯಿತು, ಅಳತೆ ಬದಲಾಗಲಿಲ್ಲ

“ಮೆಷಿನ್ ಒಳಗೆ ಹಾಲು ಉಕ್ಕಿದ ಹಾಗೆ ಉಕ್ತಾ ಇದೆ ಕಣಪ್ಪಾ, ಬೇಗ ಬಾ” ಎಂದು ಫೋನ್ ಬಂದಾಗ ನಾನಿನ್ನೂ ತಿಂಡಿ ತಿನ್ನುತ್ತಿದ್ದೆ. ಬೆಂಗಳೂರಿನ ಮಹದೇವಪುರದ ಕಡೆಯ ಮನೆ. ಫೋನ್ ಮಾಡಿದ್ದು ಎಪ್ಪತ್ತು ದಾಟಿದ ಅಜ್ಜಿ. ಮಗ, ಸೊಸೆ ಇಬ್ಬರೂ ಆಫೀಸಿಗೆ ಹೊರಟುಹೋಗಿದ್ದರು.

ಹೋಗಿ ನೋಡಿದರೆ ಯುಟಿಲಿಟಿಯಲ್ಲಿ ಕಾಲಿಡಲು ಜಾಗವಿಲ್ಲ. ಏಳು ಕೆಜಿಯ ಫ್ರಂಟ್ ಲೋಡ್ ಮೆಷಿನ್. ಬಾಗಿಲಿನ ಗಾಜು ಪೂರ್ತಿ ಬೆಳ್ಳಗೆ. ಒಳಗೆ ಬಟ್ಟೆ ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ಪೌಡರ್ ಹಾಕುವ ಡ್ರಾಯರ್ ಸಂದಿಯಿಂದ ನೊರೆ ಮೆಲ್ಲಗೆ ಇಳಿದು ನೆಲಕ್ಕೆ ಬೀಳುತ್ತಿದೆ. ಡಿಸ್‌ಪ್ಲೇನಲ್ಲಿ ಇನ್ನು 14 ನಿಮಿಷ ಅಂತ ಇದೆ. ಅರ್ಧ ಗಂಟೆಯಿಂದ ಅಲ್ಲೇ ನಿಂತಿದೆಯಂತೆ. ಕೆಳಗೆ ಪಂಪ್ ಮಾತ್ರ ಗರಗರ ಅನ್ನುತ್ತಲೇ ಇತ್ತು. ನೀರು ತಳ್ಳುವ ಪಂಪಿನ ಸದ್ದು ಬೇರೆ, ಗಾಳಿಯಲ್ಲಿ ಸುಮ್ನೆ ತಿರುಗುವ ಪಂಪಿನ ಸದ್ದು ಬೇರೆ. ಇದು ಎರಡನೆಯದು.

ಹದಿನೈದು ದಿನದ ಹಿಂದೆ ಇದೇ ತೊಂದರೆಗೆ ಯಾರೋ ಬಂದು ಪಂಪ್ ಬದಲಿಸಿ ದುಡ್ಡು ತಗೊಂಡು ಹೋಗಿದ್ದರು. ಪಂಪ್ ಹೊಸದು, ತೊಂದರೆ ಹಳೆಯದೇ.

“ಪೌಡರ್ ಎಷ್ಟು ಹಾಕ್ತೀರಮ್ಮ?”

“ಎಂಟು ವರ್ಷದಿಂದ ಎಷ್ಟು ಹಾಕ್ತಿದ್ದೆನೋ ಅಷ್ಟೇ. ನೋಡು, ಈ ಲೋಟದಲ್ಲಿ ಮುಕ್ಕಾಲು.”

“ನೀರು ಯಾವುದು? ಬೋರಾ?”

“ಮೊದಲು ಬೋರು. ಈಗ ಕಾವೇರಿ ಬಂತಲ್ಲಪ್ಪಾ, ಎರಡು ತಿಂಗಳಾಯ್ತು.”

ಅಲ್ಲಿಗೆ ನನ್ನ ಅರ್ಧ ಕೆಲಸ ಮುಗಿದಿತ್ತು.

ಬೆಂಗಳೂರಿನ ಸುತ್ತಲಿನ 110 ಹಳ್ಳಿಗಳು 2007ರಲ್ಲೇ ಪಾಲಿಕೆಗೆ ಸೇರಿದವು. ಆದರೆ ಅಲ್ಲಿಗೆಂದೇ ಮಾಡಿದ ಕಾವೇರಿ ಐದನೇ ಹಂತದ ಯೋಜನೆ ಶುರುವಾದದ್ದು 2024ರ ಅಕ್ಟೋಬರ್‌ನಲ್ಲಿ, ದಿನಕ್ಕೆ 775 ದಶಲಕ್ಷ ಲೀಟರ್ ಲೆಕ್ಕದಲ್ಲಿ. ಅಷ್ಟು ವರ್ಷ ಅಲ್ಲಿನ ಹೆಚ್ಚಿನ ಮನೆಗಳು ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನಲ್ಲೇ ಬಟ್ಟೆ ಒಗೆದವು. ಬೋರ್ ನೀರು ಸಾಮಾನ್ಯವಾಗಿ ಗಡಸು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ನಲ್ಲಿಯ ಮೇಲೆ ಬಿಳಿ ಕಲೆ ಕೂರಿಸುವುದು, ಗೀಸರ್ ಕಾಯಿಲ್‌ಗೆ ಸುಣ್ಣ ಕಟ್ಟಿಸುವುದು ಇವೇ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 600ರವರೆಗೂ ನಡೆಯುತ್ತದೆ ಎಂದು ಭಾರತೀಯ ಮಾನಕ ಹೇಳುತ್ತದೆ. ಒಗೆಯುವ ಪೌಡರಿಗೆ 200 ಮತ್ತು 600ರ ನಡುವೆ ಅಜಗಜಾಂತರ.

ಗಡಸು ನೀರಿಗೆ ಪೌಡರ್ ಹಾಕಿದರೆ ಅದರಲ್ಲೊಂದು ಪಾಲು ಈ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕಟ್ಟಿಹಾಕುವುದಕ್ಕೇ ಖರ್ಚಾಗುತ್ತದೆ. ಉಳಿದದ್ದು ಕೊಳೆಯ ಪಾಲಿಗೆ. ನೊರೆ ಕಾಣದೆ ಹೋದಾಗ ಮನೆಯವರು ಇನ್ನೊಂದು ಚಮಚ ಸುರಿಯುತ್ತಾರೆ. ವರ್ಷ ಕಳೆದಂತೆ ಅದೇ ಕೈಯಳತೆ ಆಗಿಬಿಡುತ್ತದೆ. ಆಮೇಲೊಂದು ದಿನ ಕಾವೇರಿಯ ಮೆದು ನೀರು ಬರುತ್ತದೆ. ಲೋಟ ಮಾತ್ರ ಅದೇ. ಈಗ ಕಟ್ಟಿಹಾಕಲು ಹೆಚ್ಚೇನೂ ಇಲ್ಲ, ಹಾಕಿದ್ದು ನೊರೆಯಾಗಿ ಎದ್ದು ನಿಲ್ಲುತ್ತದೆ.

ನೊರೆ ಬಂದರೆ ಕೊಳೆ ಹೋಯಿತು ಅಂತ ನಮ್ಮೆಲ್ಲರ ನಂಬಿಕೆ, ಅಲ್ವಾ? ಬಚ್ಚಲ ಕಲ್ಲಿನ ಮೇಲೆ ಬಟ್ಟೆ ಕುಕ್ಕಿ ಒಗೆದ ಕಾಲದಿಂದ ಬಂದದ್ದು ಅದು. ಕೊಳೆ ತೆಗೆಯುವುದು ನೀರಿನಲ್ಲಿ ಕರಗಿದ ಪೌಡರ್. ನೊರೆ ಅಂದರೆ ಬರೀ ಗಾಳಿ ತುಂಬಿದ ಗುಳ್ಳೆ. ಫ್ರಂಟ್ ಲೋಡ್ ಮೆಷಿನ್‌ನಲ್ಲಂತೂ ನೀರು ಡ್ರಮ್ಮಿನ ತಳದಲ್ಲಿ ಸ್ವಲ್ಪ ಮಾತ್ರ ಇರುತ್ತದೆ. ಬಟ್ಟೆ ಮೇಲಕ್ಕೆ ಹೋಗಿ ಧೊಪ್ಪನೆ ಬೀಳಬೇಕು. ಆ ಬಡಿತವೇ ಅದರ ಒಗೆತ. ಡ್ರಮ್ ತುಂಬ ನೊರೆ ಇದ್ದರೆ ಬಟ್ಟೆ ಹತ್ತಿಯ ಹಾಸಿಗೆಯ ಮೇಲೆ ಬಿದ್ದಂತೆ ಬೀಳುತ್ತದೆ. ಬಡಿತವೇ ಇಲ್ಲ, ಇನ್ನು ಒಗೆಯುವುದೆಲ್ಲಿ?

ತೊಂದರೆ ಅಲ್ಲಿಗೇ ಮುಗಿಯುವುದಿಲ್ಲ. ನೀರು ಹೊರಹಾಕುವ ಪಂಪ್ ನೀರನ್ನು ತಳ್ಳಬಲ್ಲದೇ ಹೊರತು ನೊರೆಯನ್ನಲ್ಲ. ಒಳಗಿನ ಡ್ರಮ್ಮಿಗೂ ಹೊರಗಿನ ಟಬ್ಬಿಗೂ ನಡುವಿನ ಸಂದಿಯಲ್ಲಿ ನೊರೆ ತುಂಬಿಕೊಂಡರೆ ಡ್ರಮ್ ಜೋರಾಗಿ ತಿರುಗಲು ಆಗುವುದಿಲ್ಲ. ಮೆಷಿನ್ ಹಿಂಡುವ ಪ್ರಯತ್ನ ಮಾಡುತ್ತದೆ, ನಿಲ್ಲಿಸುತ್ತದೆ, ಮತ್ತೆ ನೀರು ತಗೊಂಡು ಜಾಲಿಸುತ್ತದೆ. ಒಂದು ಗಂಟೆಯ ಕೆಲಸ ಎರಡೂವರೆ ಗಂಟೆಗೆ ಹೋಗುವುದು ಹೀಗೆ. ಕೆಲವು ಮೆಷಿನ್‌ಗಳ ಡಿಸ್‌ಪ್ಲೇನಲ್ಲಿ ‘ಎಸ್‌ಯುಡಿ’ ಎಂದು ಬರುತ್ತದೆ. ಎಸ್ ಅಕ್ಷರ 5ರ ಹಾಗೆ ಕಾಣುವುದರಿಂದ ಜನ ಗಾಬರಿಯಾಗಿ ಫೋಟೋ ತೆಗೆದು ಕಳಿಸುತ್ತಾರೆ. ಏನೂ ಕೆಟ್ಟಿಲ್ಲ. ನೊರೆ ಇಳಿಯಲಿ ಅಂತ ಮೆಷಿನ್ ಕಾಯುತ್ತಿದೆ, ಅಷ್ಟೇ.

ಹಾಗಾದರೆ ನಾವೂ ಕಾಯಬೇಕು. ಅಜ್ಜಿಯ ಮನೆಯಲ್ಲಿ ನಾನು ಮೊದಲು ಮಾಡಿದ್ದು ಸ್ವಿಚ್ ಆಫ್. ಆಮೇಲೆ ಕಾಫಿ ಕುಡಿದೆ. ತಮಾಷೆಯಲ್ಲ, ನೊರೆಗೆ ಅರ್ಧ ಮುಕ್ಕಾಲು ಗಂಟೆ ಬಿಟ್ಟರೆ ಬಹುಪಾಲು ತಾನೇ ಒಡೆದು ನೀರಾಗುತ್ತದೆ. ನೀರಾದರೆ ಪಂಪ್ ಎಳೆಯುತ್ತದೆ. ಆ ಹೊತ್ತಿನಲ್ಲಿ ಬಾಗಿಲು ತೆಗೆಯಲು ಹೋಗಬೇಡಿ. ನೊರೆಯ ಹಿಂದೆ ನೀರು ಎಷ್ಟಿದೆ ಅಂತ ಗಾಜಿನಲ್ಲಿ ಕಾಣುವುದಿಲ್ಲ. ನೆಲ ಒರೆಸಿ, ಪ್ಲಗ್ ಹತ್ತಿರ ಒದ್ದೆಯಾಗದ ಹಾಗೆ ನೋಡಿಕೊಳ್ಳಿ. ನೊರೆ ಇಳಿದ ಮೇಲೆ ಬರೀ ಡ್ರೈನ್ ಮಾಡಿಸಿ. ಆಮೇಲೆ ತಣ್ಣೀರಿನಲ್ಲಿ ಜಾಲಿಸುವುದು, ಹಿಂಡುವುದು. ಗಾಜಿನಲ್ಲಿ ತಿಳಿನೀರು ಕಾಣುವವರೆಗೆ ಇದನ್ನೇ ಮತ್ತೆ ಮಾಡಿ. ಅಜ್ಜಿಯ ಮನೆಯಲ್ಲಿ ಮೂರು ಸಲ ಬೇಕಾಯಿತು.

ಟಾಪ್ ಲೋಡ್ ಇದ್ದವರಿಗೆ ಇಷ್ಟು ಕಷ್ಟವಿಲ್ಲ. ಮುಚ್ಚಳ ತೆಗೆದು ಮಗ್‌ನಲ್ಲಿ ನೊರೆ ಬಾಚಿ ಹಾಕಬಹುದು. ಸೆಮಿ ಆಟೊಮ್ಯಾಟಿಕ್‌ನಲ್ಲಂತೂ ನೀರು ಬಿಟ್ಟು ಹೊಸ ನೀರು ತುಂಬಿದರೆ ಮುಗಿಯಿತು.

ಬೇಗ ನೊರೆ ಇಳಿಸಬೇಕೆಂದರೆ ಒಂದು ಉಪಾಯ ಇದೆ. ಬಟ್ಟೆಗೆ ಘಮ ಬರಲೆಂದು ಹಾಕುವ ಫ್ಯಾಬ್ರಿಕ್ ಕಂಡೀಷನರ್ ಒಂದು ಮುಚ್ಚಳ, ಅದರದೇ ಖಾನೆಯಲ್ಲಿ ಹಾಕಿ ಜಾಲಿಸಿ. ವಿದ್ಯುದಂಶದ ಲೆಕ್ಕದಲ್ಲಿ ಪೌಡರಿನಲ್ಲಿ ನೊರೆ ಎಬ್ಬಿಸುವ ಅಂಶ ಮೈನಸ್, ಕಂಡೀಷನರ್ ಪ್ಲಸ್. ಎರಡೂ ಒಂದನ್ನೊಂದು ಹಿಡಿದುಕೊಂಡು ನೊರೆ ಕುಸಿಯುತ್ತದೆ. ಬಿಳಿ ವಿನೆಗರ್ ಹಾಕುವವರೂ ಇದ್ದಾರೆ. ಯಾವಾಗಲೋ ಒಮ್ಮೆ ಅರ್ಧ ಲೋಟ ಆದರೆ ಪರವಾಗಿಲ್ಲ, ವಾರವಾರ ಹಾಕಿದರೆ ಬಾಗಿಲಿನ ರಬ್ಬರಿಗೆ ಒಳ್ಳೆಯದಲ್ಲ. ಬ್ಲೀಚ್ ಹಾಕಿದ ನೀರಿಗಂತೂ ವಿನೆಗರ್ ಸೇರಿಸಲೇಬೇಡಿ. ಕ್ಲೋರಿನ್ ಅನಿಲ ಬರುತ್ತದೆ. ಕಿಟಕಿ ಮುಚ್ಚಿದ ಯುಟಿಲಿಟಿಯಲ್ಲಿ ಅದು ಜೀವಕ್ಕೇ ಅಪಾಯ.

ಅಜ್ಜಿಗೆ ಅಷ್ಟಕ್ಕೇ ಸಮಾಧಾನ ಆಗಲಿಲ್ಲ. “ಅಷ್ಟು ವರ್ಷ ಏನೂ ಆಗಿರಲಿಲ್ಲ. ಮೆಷಿನ್‌ಗೇ ಏನೋ ಆಗಿರಬೇಕು” ಅಂದರು. ಅವರ ಎದುರಿಗೇ ಎರಡು ಬಾಟಲಿ ತಗೊಂಡೆ. ಒಂದಕ್ಕೆ ಕಾವೇರಿ ನೀರು, ಇನ್ನೊಂದಕ್ಕೆ ಪಕ್ಕದ ಮನೆಯ ಬೋರ್ ನೀರು, ಅರ್ಧರ್ಧ. ಎರಡಕ್ಕೂ ಸ್ನಾನದ ಸೋಪಿನ ಒಂದೇ ಅಳತೆಯ ಚೂರು ಹಾಕಿ ಚೆನ್ನಾಗಿ ಅಲ್ಲಾಡಿಸಿದೆ. ಕಾವೇರಿ ಬಾಟಲಿಯಲ್ಲಿ ಕತ್ತಿನವರೆಗೂ ನೊರೆ. ಬೋರ್ ಬಾಟಲಿಯಲ್ಲಿ ನೀರು ಮಜ್ಜಿಗೆಯ ಹಾಗೆ ಕಲಕಿ, ಮೇಲೆ ಕೆನೆಯಂಥದ್ದು ತೇಲಿತು. ಈ ಪರೀಕ್ಷೆಗೆ ಸೋಪೇ ಬೇಕು. ಬಟ್ಟೆ ಪೌಡರ್ ಹಾಕಿದರೆ ವ್ಯತ್ಯಾಸ ಇಷ್ಟು ಚೆನ್ನಾಗಿ ಕಾಣುವುದಿಲ್ಲ. ಅಜ್ಜಿ ಎರಡೂ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿ “ಹೌದಲ್ಲೋ” ಅಂದರು.

ಅಳತೆ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಪ್ಯಾಕೆಟ್ ಮೇಲಿನ ಅಳತೆಯಿಂದ ಶುರುಮಾಡಿ, ಮೆದು ನೀರಾದರೆ ಅದಕ್ಕಿಂತ ಕೆಳಗೆ ಬನ್ನಿ. ಏಳು ಕೆಜಿಯ ಫ್ರಂಟ್ ಲೋಡ್, ದಿನಬಳಕೆಯ ಬಟ್ಟೆ, ಕಾವೇರಿ ನೀರು ಅಂದರೆ ನಾನು ಹೇಳುವುದು ಎರಡು ದೊಡ್ಡ ಚಮಚ. ತೊಳೆಯುವಾಗ ಗಾಜಿನ ಮೇಲೆ ಅಲ್ಲಲ್ಲಿ ತೆಳ್ಳಗೆ ಗುಳ್ಳೆ ಕಂಡರೆ ಸರಿಯಾಗಿದೆ. ಗಾಜಿನ ಅರ್ಧ ದಾಟಿದರೆ ಮುಂದಿನ ಸಲ ಅರ್ಧ ಚಮಚ ಕಡಿಮೆ ಮಾಡಿ. ಕೆಲವು ಮನೆಗಳಲ್ಲಿ ಒಂದು ದಿನ ಕಾವೇರಿ, ಒಂದು ದಿನ ಟ್ಯಾಂಕರ್, ಎರಡೂ ಒಂದೇ ಸಂಪಿಗೆ. ಅವರಿಗೆ ಗಾಜು ನೋಡಿಯೇ ಅಂದಾಜು ಮಾಡಬೇಕು, ಬೇರೆ ದಾರಿ ಇಲ್ಲ.

ಪೌಡರ್ ಯಾವುದು ಎನ್ನುವುದೂ ಮುಖ್ಯ. ಬಕೆಟ್ಟಿನಲ್ಲಿ ನೆನೆಹಾಕುವ ಪೌಡರನ್ನು ನೊರೆ ಬರಲಿ ಎಂದೇ ಮಾಡಿರುತ್ತಾರೆ, ಇಲ್ಲದಿದ್ದರೆ ಯಾರೂ ಕೊಳ್ಳುವುದಿಲ್ಲ. ಫ್ರಂಟ್ ಲೋಡ್‌ಗೆಂದು ಬರುವ ಪೌಡರಿನಲ್ಲಿ ನೊರೆ ಅಡಗಿಸುವ ಅಂಶ ಸೇರಿಸಿರುತ್ತಾರೆ. ದುಡ್ಡು ಸ್ವಲ್ಪ ಜಾಸ್ತಿ, ನಿಜ. ಎರಡನ್ನೂ ಬೆರೆಸಿ ಡಬ್ಬಿಗೆ ತುಂಬಿಡುವ ಮನೆಗಳನ್ನು ನೋಡಿದ್ದೇನೆ, ಅದು ಉಳಿತಾಯವಲ್ಲ. ಪೌಡರ್ ಮುಗಿದಿದೆ ಅಂತ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಬ್ಯಾಚುಲರ್ ಹುಡುಗರ ಮನೆಗೂ ಹೋಗಿದ್ದೇನೆ. ಆ ಕಥೆ ಬೇಡ ಬಿಡಿ.

ಜನ ಒಪ್ಪದ ಕಳ್ಳ ಒಬ್ಬನಿದ್ದಾನೆ, ಸೋಪಿನ ಬಿಲ್ಲೆ. ಶರ್ಟಿನ ಕಾಲರಿಗೆ, ಮಕ್ಕಳ ಯೂನಿಫಾರ್ಮಿಗೆ ಬಿಲ್ಲೆ ಉಜ್ಜಿ, ಹಾಗೇ ಮೆಷಿನ್‌ಗೆ ಹಾಕಿ, ಮೇಲೆ ಪೌಡರನ್ನೂ ಹಾಕುತ್ತಾರೆ. ಕೆಲಸದವರು ಉಜ್ಜಿಟ್ಟಿದ್ದು ಮನೆಯೊಡತಿಗೆ ಗೊತ್ತೇ ಇರುವುದಿಲ್ಲ. ಉಜ್ಜಿದ ಮೇಲೆ ನಲ್ಲಿಯ ಕೆಳಗೆ ಒಮ್ಮೆ ಜಾಲಿಸಿ ಹಾಕಿ, ಸಾಕು.

ಅಳತೆ ಸರಿಮಾಡಿದ ಮೇಲೂ ಎರಡು ಮೂರು ಒಗೆತ ನೊರೆ ಬರುತ್ತಲೇ ಇರುತ್ತದೆ. ಗಾಬರಿಯಾಗಬೇಡಿ, ಅದು ಹಳೆಯ ಬಾಕಿ. ವರ್ಷಗಟ್ಟಲೆ ಜಾಸ್ತಿ ಹಾಕಿದ ಪೌಡರ್ ಟವಲ್‌ಗಳಲ್ಲಿ, ಟಬ್ಬಿನ ಗೋಡೆಯಲ್ಲಿ ಕೂತಿರುತ್ತದೆ. ಒಗೆದು ಒಣಗಿಸಿದ ನಾಲ್ಕು ಟವಲ್‌ಗಳನ್ನು ಏನೂ ಹಾಕದೆ ಬರೀ ನೀರಿನಲ್ಲಿ ಓಡಿಸಿ ಹತ್ತು ನಿಮಿಷಕ್ಕೆ ಗಾಜು ನೋಡಿ. ನೊರೆ ಕಂಡರೆ ನಿಮ್ಮ ಟವಲ್ ಇನ್ನೂ ಪೌಡರ್ ಕುಡಿದಿದೆ ಎಂದೇ ಅರ್ಥ. ಮೈ ಒರೆಸಿದ ಮೇಲೆ ತುರಿಕೆ ಎನ್ನುವ ಕೆಲವರಿಗೆ ಮೊದಲು ಈ ಪರೀಕ್ಷೆ ಮಾಡಿಸುತ್ತೇನೆ. ಹಳೇ ಮೆಷಿನ್ ಬಿಚ್ಚಿದಾಗ ಡ್ರಮ್ಮಿನ ಹಿಂದಿನ ಮೂರು ಕೈಗಳ ಸ್ಪೈಡರ್ ಮೇಲೆ ಬೂದು ಬಣ್ಣದ ಅಂಟು ಬೆರಳು ದಪ್ಪ ಕೂತಿರುತ್ತದೆ. ಅದರಡಿಯ ಅಲ್ಯೂಮಿನಿಯಂ ಕೆರೆದರೆ ಪುಡಿ ಉದುರುತ್ತದೆ. ಅಲ್ಲಿಗೆ ಮೆಷಿನ್ ಗುಜರಿಗೆ ಹತ್ತಿರ.

ಕೆಳಗಿನ ಫಿಲ್ಟರನ್ನೂ ಒಮ್ಮೆ ನೋಡಿ. ನೀರು ಪೂರ್ತಿ ಹೊರಹೋಗದಿದ್ದರೆ ಸೋಪಿನ ನೀರು ಉಳಿದು ಜಾಲಿಸುವಾಗಲೂ ನೊರೆ ಏಳುತ್ತದೆ. ಕರೆಂಟಿನ ಪ್ಲಗ್ ತೆಗೆದು, ಕೆಳಗೆ ಅಗಲವಾದ ತಟ್ಟೆ ಇಟ್ಟು, ಫಿಲ್ಟರನ್ನು ನಿಧಾನವಾಗಿ ತಿರುಗಿಸಿ. ಹೇರ್‌ಪಿನ್, ನಾಣ್ಯ, ಮಗುವಿನ ಕಾಲುಚೀಲ, ಏನು ಬೇಕಾದರೂ ಸಿಗಬಹುದು.

ಅಪಾರ್ಟ್‌ಮೆಂಟಿನವರದು ಇನ್ನೊಂದು ಕಥೆ. ಒಂದು ಭಾನುವಾರ ಒಂದೇ ಕಟ್ಟಡದಿಂದ ನಾಲ್ಕು ಫೋನ್. ಮೂರು ಮನೆಯಲ್ಲಿ ಮೆಷಿನ್ ನೊರೆ ತುಂಬಿ ನಿಂತಿದೆ. ನಾಲ್ಕನೆಯದು ಮೊದಲ ಮಹಡಿ. ಅವರ ಮೆಷಿನ್ ಆಫ್ ಇದೆ, ಆದರೂ ಬಚ್ಚಲಿನ ನೀರು ಹೋಗುವ ಬಾಯಿಯಿಂದ, ಅಂದರೆ ನಹಾನಿ ಟ್ರ್ಯಾಪ್‌ನಿಂದ, ನೊರೆ ಮೇಲೇಳುತ್ತಿದೆ! ಮೇಲಿನ ಮನೆಗಳ ನೊರೆ ಪೈಪಿನಲ್ಲಿ ಇಳಿದು, ಬುಡದ ತಿರುವಿನಲ್ಲಿ ಸಿಕ್ಕಿಕೊಂಡು, ಹತ್ತಿರದ ಬಾಯಿ ಹುಡುಕುತ್ತದೆ. ಆ ಬಾಯಿ ಕೆಳಗಿನ ಮನೆಯವರದು. ವಿಚಾರಿಸಿದರೆ, ಗಡಸು ನೀರನ್ನು ಮೆದು ಮಾಡುವ ಕಟ್ಟಡದ ವಾಟರ್ ಸಾಫ್ಟ್‌ನರ್‌ಗೆ ತಿಂಗಳಿಂದ ಉಪ್ಪು ಹಾಕಿರಲಿಲ್ಲವಂತೆ, ಉಪ್ಪಿಲ್ಲದೆ ಅದು ಕೆಲಸ ಮಾಡುವುದಿಲ್ಲ. ಶನಿವಾರ ಹಾಕಿದ್ದಾರೆ. ತಿಂಗಳಿಡೀ ಗಡಸು ನೀರಿಗೆ ಪೌಡರ್ ಏರಿಸಿಕೊಂಡವರಿಗೆ ಭಾನುವಾರ ಏಕಾಏಕಿ ಮೆದು ನೀರು. ಸಾಫ್ಟ್‌ನರ್‌ಗೆ ಉಪ್ಪು ಹಾಕಿದ ದಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಹಾಕಿ ಅಂತ ಮ್ಯಾನೇಜರ್‌ಗೆ ಹೇಳಿ ಬಂದೆ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದು ನೆನಪಿದೆಯಲ್ಲ? ಅದಕ್ಕೆ ಕಾರಣ ಹಲವು, ನಮ್ಮ ಮನೆಗಳಿಂದ ಹರಿದುಹೋದ ಡಿಟರ್ಜೆಂಟ್ ಅದರಲ್ಲೊಂದು.

ಅಜ್ಜಿಯ ಮನೆಯ ಲೋಟಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆದು ಬಂದಿದ್ದೆ. ಹತ್ತು ದಿನ ಬಿಟ್ಟು ಮತ್ತೆ ಫೋನ್.

“ಏನಪ್ಪಾ, ಗಾಜಲ್ಲಿ ನೊರೆನೇ ಕಾಣ್ತಿಲ್ಲ. ಪುನಃ ಕೆಟ್ಟೋಯ್ತಾ?”

“ಬಟ್ಟೆ ಹೇಗಿದೆ ಅಮ್ಮ?”

ಸ್ವಲ್ಪ ಹೊತ್ತು ಮಾತಿಲ್ಲ. ಬಟ್ಟೆ ಕೊಡವಿದ ಸದ್ದು ಕೇಳಿತು.

“ಬಟ್ಟೆ ಚೆನ್ನಾಗೇ ಇದೆ. ಆದ್ರೂ ಒಂದು ಅರ್ಧ ಚಮಚ ಜಾಸ್ತಿ ಹಾಕ್ಲಾ?”