4,29,49,67,297: ಅವಿಭಾಜ್ಯದಂತೆ ಕಾಣುವ ಒಂದು ಸಂಖ್ಯೆ

ಸಂಖ್ಯಾ ಸಿದ್ಧಾಂತದ ಪಾಠದಲ್ಲಿ ನಾನು ತಪ್ಪದೆ ಕರಿಹಲಗೆಯ ಮೇಲೆ ಬರೆಯುವ ಸಂಖ್ಯೆ 4,29,49,67,297. ಇದು 2³² + 1. ಘಾತವು 1, 2, 4, 8, 16 ಆದಾಗ ಇದೇ ಸೂತ್ರದಿಂದ 3, 5, 17, 257, 65537 ಎಂಬ ಅವಿಭಾಜ್ಯ ಸಂಖ್ಯೆಗಳು ಬರುವುದನ್ನು ಕಂಡ ಫರ್ಮಾ, ಮುಂದಿನವೂ ಅವಿಭಾಜ್ಯಗಳೇ ಎಂದು ಹದಿನೇಳನೆಯ ಶತಮಾನದಲ್ಲಿ ಊಹಿಸಿದ. 1729ರ ಕೊನೆಯಲ್ಲಿ ಗೋಲ್ಡ್‌ಬಾಕ್ ಪತ್ರವೊಂದರಲ್ಲಿ ಈ ಊಹೆಯನ್ನು ಪ್ರಸ್ತಾಪಿಸಿ ಆಯ್ಲರನ ಗಮನ ಸೆಳೆದ. 1732ರಲ್ಲಿ ಆಯ್ಲರ್ ಈ ಸಂಖ್ಯೆಯನ್ನು 641 × 67,00,417 ಎಂದು ಒಡೆದು ತೋರಿಸಿದ.

641 ಎಲ್ಲಿಂದ ಬಂತು ಎಂಬುದೇ ವಿದ್ಯಾರ್ಥಿಗಳ ಮೊದಲ ಪ್ರಶ್ನೆ, ಮತ್ತು ಅದು ಕೇಳಲೇಬೇಕಾದ ಪ್ರಶ್ನೆ. ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕೆಂದು ಸಾಧಿಸಬಹುದಾದ್ದರಿಂದ, ಪರೀಕ್ಷಿಸಬೇಕಾದವು 193, 257, 449, 577, 641 ಹೀಗೆ ಸಾಗುತ್ತವೆ. ಐದನೆಯ ಭಾಗಾಕಾರಕ್ಕೇ ಉತ್ತರ ದೊರೆಯುತ್ತದೆ.

ಭಾಗಾಕಾರವನ್ನೇ ಮಾಡದೆಯೂ ಇದನ್ನು ಕಾಣಬಹುದು, ನನಗೆ ಹೆಚ್ಚು ಪ್ರಿಯವಾದ ದಾರಿ ಅದೇ. 641 ಎಂದರೆ 5 × 2⁷ + 1. ಅದೇ 641 ಎಂದರೆ 5⁴ + 2⁴ ಕೂಡ. ಮೊದಲ ರೂಪದ ಪ್ರಕಾರ, 641ರಿಂದ ಭಾಗಿಸುವಾಗ 5 × 2⁷ ಎಂಬುದನ್ನು −1 ಎಂದೇ ಎಣಿಸಬಹುದು. ಅದನ್ನು ನಾಲ್ಕನೆಯ ಘಾತಕ್ಕೇರಿಸಿದರೆ 5⁴ × 2²⁸ರ ಶೇಷ 1. ಎರಡನೆಯ ರೂಪದ ಪ್ರಕಾರ 5⁴ರ ಜಾಗದಲ್ಲಿ −2⁴ ಇಡಬಹುದು. ಆಗ −2³²ರ ಶೇಷ 1 ಆಗುತ್ತದೆ, ಅಂದರೆ 2³² + 1 ನಿಶ್ಶೇಷವಾಗಿ ಭಾಗವಾಗುತ್ತದೆ.

ಇನ್ನೂ ವಿಚಿತ್ರವಾದ ಸಂಗತಿಯೆಂದರೆ, ಫರ್ಮಾನದೇ ಪ್ರಮೇಯವನ್ನು (p ಅವಿಭಾಜ್ಯವಾಗಿದ್ದು, ಆಧಾರ a ಅದರ ಗುಣಕವಲ್ಲದಿದ್ದರೆ, aಯನ್ನು p − 1ನೆಯ ಘಾತಕ್ಕೇರಿಸಿ pಯಿಂದ ಭಾಗಿಸಿದಾಗ ಶೇಷ 1) ಆಧಾರ 2 ಇಟ್ಟುಕೊಂಡು ಪ್ರಯೋಗಿಸಿದರೆ ಈ ಸಂಖ್ಯೆ ಅವಿಭಾಜ್ಯದಂತೆಯೇ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. 2³²ರ ಶೇಷ ಇಲ್ಲಿ −1, ಆದ್ದರಿಂದ 2⁶⁴ರ ಶೇಷ 1; ನಮ್ಮ ಸಂಖ್ಯೆಯಿಂದ 1 ಕಳೆದರೆ ಸಿಗುವ 2³²ವು 64ರ ಗುಣಕವಾದ್ದರಿಂದ ಪರೀಕ್ಷೆ ಸೋಲುವಂತೆಯೇ ಇಲ್ಲ. ಆಧಾರವನ್ನು 3ಕ್ಕೆ ಬದಲಿಸಿ, ಪ್ರತಿ ಹೆಜ್ಜೆಯಲ್ಲೂ ಶೇಷವನ್ನಷ್ಟೇ ಉಳಿಸಿಕೊಳ್ಳುತ್ತ 32 ಬಾರಿ ವರ್ಗ ಮಾಡಿದರೆ ಮಾತ್ರ ಇದರ ನಿಜಸ್ವರೂಪ ಬಯಲಾಗುತ್ತದೆ, ಆದರೆ ಆಗಲೂ ಅಪವರ್ತನಗಳು ತಿಳಿಯುವುದಿಲ್ಲ. ಅದು ಕಾಗದದ ಮೇಲೆಯೇ ಮಾಡಬಹುದಾದ ಲೆಕ್ಕ.

ಇದಕ್ಕಿಂತ 2 ಕಡಿಮೆಯಿರುವ 4,29,49,67,295 ಎಂಬುದು 3 × 5 × 17 × 257 × 65537, ಅಂದರೆ ಹಿಂದಿನ ಐದೂ ಸಂಖ್ಯೆಗಳ ಗುಣಲಬ್ಧ. ಆ ಐದರಲ್ಲಿ ಯಾವುದಾದರೂ ನಮ್ಮ ಸಂಖ್ಯೆಯನ್ನೂ ಭಾಗಿಸಿದರೆ ವ್ಯತ್ಯಾಸವಾದ 2ನ್ನೂ ಭಾಗಿಸಬೇಕಾಗುತ್ತದೆ, ಅದು ಅಸಾಧ್ಯ. ಮೇಲಿನ ಪಟ್ಟಿಯಿಂದ 257ನ್ನು ಮೊದಲೇ ಕೈಬಿಡಬಹುದಿತ್ತು. 1796ರಲ್ಲಿ ಗೌಸ್ 17 ಬಾಹುಗಳ ಸಮಬಹುಭುಜವನ್ನು ಅಳತೆಪಟ್ಟಿ ಮತ್ತು ಕೈವಾರಗಳಿಂದ ರಚಿಸಬಹುದೆಂದು ಕಂಡುಕೊಂಡ. 1837ರಲ್ಲಿ ವಾಂಟ್ಸೆಲ್ ಅಂಥ ರಚನೆಯ ಮಿತಿಯನ್ನು ಸಾಧಿಸಿದ. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ ಅದು 3, 5, 17ರಂತೆ 2ರ ಘಾತಕ್ಕೆ 1 ಕೂಡಿಸಿದಾಗ ಬರುವ ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧವಾಗಿರಬೇಕು ಎಂಬ ಆ ನಿಯಮದಂತೆ 4,29,49,67,295 ಬಾಹುಗಳ ಸಮಬಹುಭುಜವನ್ನು ತಾತ್ವಿಕವಾಗಿ ರಚಿಸಬಹುದು. ಎರಡೇ ಬಾಹು ಹೆಚ್ಚಿರುವ 4,29,49,67,297ರದ್ದನ್ನು, 641ರ ಕಾರಣದಿಂದ, ರಚಿಸಲಾಗದು.